ಮಿಸೆಸ್ ಮೂರ್ತಿಯವರ ಐವತ್ತೆಂಟು ಹೌದುಗಳು

ಅಕ್ಸ್‌ಬ್ರಿಡ್ಜ್, ಲಂಡನ್
೧೬ ನವೆಂಬರ್ ೧೯೯೯, ಮಂಗಳವಾರ

ಪ್ರೀತಿಯ ಅವ್ವಾ,

ಮೊಣಕಾಲು ಹೇಗಿದೆ? ಚಳಿ ಶುರುವಾಯಿತೆಂದರೆ ನಿನಗೆ ಮೆಟ್ಟಿಲು ಇಳಿಯುವುದೇ ಕಷ್ಟ. ಆದರೂ ನಸುಕಿನಲ್ಲೆದ್ದು ಹಿತ್ತಲಿಗೆ ಹೋಗಿ ಹೂ ಬಿಡಿಸುವುದನ್ನು ನೀನು ಬಿಟ್ಟಿರಲಾರೆ ಎಂಬುದೂ ನನಗೆ ಗೊತ್ತು. ಅಪ್ಪನ ಸಕ್ಕರೆ ಈಗ ಹತೋಟಿಗೆ ಬಂದಿದೆಯೇ? ದೀಪಾವಳಿಯ ಕರಜಿಕಾಯಿಯನ್ನು ಕದ್ದು ತಿಂದಿದ್ದರೆ ಬೈದುಬಿಡು, ನನ್ನ ಹೆಸರಿನಲ್ಲಿಯೂ ನಾಲ್ಕು ಮಾತು ಸೇರಿಸು. ಇಲ್ಲಿ ನಾವು ಮೂವರೂ ಆರಾಮ. ಋಷಿಕೇಶನಿಗೆ ಬರುವ ಜನವರಿಗೆ ನಾಲ್ಕು ತುಂಬುತ್ತದೆ. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿ ತೆರೆದರೆ ಮಾತ್ರ ಇಂಗ್ಲಿಷು. ನಿನ್ನ ಫೋಟೋ ನೋಡಿದಾಗೆಲ್ಲ "ವೆನ್ ಈಸ್ ಅಜ್ಜಿ ಕಮಿಂಗ್?" ಎಂದು ಕೇಳುತ್ತಾನೆ. ಇವರಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ವಿಪರೀತ, ಕೂದಲು ಇನ್ನಷ್ಟು ಉದುರಿದೆ. ಹಾಗೆಂದರೆ ಸಿಟ್ಟು ಬರುತ್ತದೆ, ನೀನು ಫೋನಿನಲ್ಲಿ ಕೇಳಬೇಡ.

ಹೋದ ಸಲ ಫೋನಿನಲ್ಲಿ ನೀನು, "ಏನೋ ಉದ್ಯೋಗ ಮಾಡಾಕತ್ತೀಯಂತ, ಏನದು?" ಎಂದು ಕೇಳಿದಾಗ ನಾನು ಮಾತು ಹಾರಿಸಿದೆ. ಹೇಳಬಾರದೆಂದಲ್ಲ. ಪಕ್ಕದ ಮನೆಯ ಫೋನು, ಸುತ್ತ ಕುಳಿತ ಇಡೀ ಓಣಿ, ನಡುನಡುವೆ ಕಡಿದುಹೋಗುವ ಲೈನು, ಅದರಲ್ಲಿ ಹೇಳುವ ವಿಷಯವಲ್ಲ ಇದು. ಅಪ್ಪ ಸಂಜೆಯ ತಿರುಗಾಟಕ್ಕೆ ಹೋದಾಗ ಕುಳಿತು ಓದು. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮಗಳು ಹತ್ತು ತಿಂಗಳಿಂದ ಒಬ್ಬರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಳು. ಅದು ಮೊನ್ನೆ ರವಿವಾರ ಪೂರ್ತಿಯಾಯಿತು. ಅಯ್ಯೋ ಶಿವನೇ ಎಂದು ಕೆನ್ನೆ ಬಡಿದುಕೊಳ್ಳಬೇಡ, ಪೂರ್ತಿ ಓದು.

ಜನವರಿಯಲ್ಲಿ ಲಂಡನ್ನಿನ ಕನ್ನಡ ಮಂದಿಯೆಲ್ಲ ಸಂಕ್ರಾಂತಿಗೆ ಸಟನ್ನಿನಲ್ಲಿ ಸೇರಿದ್ದೆವು. ಮಿಸೆಸ್ ಮೂರ್ತಿಯವರು ಎಲ್ಲರ ಕೈಗೂ ಎಳ್ಳಿನ ಜೊತೆ ಒಂದೊಂದು ಬಣ್ಣದ ಕಾಗದ ಕೊಟ್ಟರು. ಡಾಕ್ಟರ್ ನರಸಿಂಹಮೂರ್ತಿಯವರ ಹೆಂಡತಿ, ನೀನು ಮರೆತಿರಲಾರೆ. ಲಂಡನ್ನಿನ ನಮ್ಮ ಹೆಣ್ಣುಮಕ್ಕಳಿಗೆ ಮನೆಗೇ ಬಂದು ಬಾಣಂತನ ಮಾಡಿಕೊಡುವ ಹೊಸ ಸೇವೆಯೊಂದನ್ನು ಅವರು ಶುರುಮಾಡುವವರಿದ್ದರು. ಎಣ್ಣೆ ಹಚ್ಚಿ ಎರೆಯುವುದು, ಅಂಟಿನುಂಡೆ, ಅಳವಿ ಪಾಯಸ, ಸೊಂಟಕ್ಕೆ ಬಟ್ಟೆ ಬಿಗಿಯುವುದು, ಲೋಬಾನದ ಹೊಗೆ ಹಾಕುವುದು ಎಲ್ಲವನ್ನೂ ಬರೆದು, ಕೆಳಗೆ "ಇದು ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಬಂದ ಪದ್ಧತಿ" ಎಂದು ಅಚ್ಚು ಹಾಕಿಸಿದ್ದರು. ಅವ್ವಾ, ಅವರು ಮೈಸೂರಿನ ಕಡೆಯವರು. ಅಂಟಿಗೆ ಎಷ್ಟು ಉತ್ತತ್ತಿ, ಎಷ್ಟು ಗಸಗಸೆ ಎಂಬ ಲೆಕ್ಕ ನಿನ್ನದು, ಅವರ ಸೊಸೆ ಗಾರ್ಗಿ ಬಾಣಂತಿಯಾಗಿ ಮಂಚದ ಮೇಲೆ ಕುಳಿತು ನಿನ್ನ ಬಾಯಿಂದ ಕೇಳಿ ಬರೆದುಕೊಂಡದ್ದು. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಕಾಗದದ ನಡುವೆ ಒಂದು ಫೋಟೋ ಇತ್ತು. ಕೂಸನ್ನು ಎತ್ತಿ ಹಿಡಿದ ಎರಡು ಕೈ, ಹಸಿರು ಗಾಜಿನ ಬಳೆ, ಎಡ ಮುಂಗೈಯಲ್ಲಿ ತುಳಸಿಕಟ್ಟೆಯ ಹಚ್ಚೆ. ಅವು ನಿನ್ನ ಕೈ. ಮುಖ ಇಲ್ಲ, ಮೊಣಕೈಗೇ ಫೋಟೋ ಮುಗಿದಿತ್ತು. ಎಳ್ಳು ನನ್ನ ಬಾಯಲ್ಲೇ ಉಳಿಯಿತು.

ಆ ಫೋಟೋ ಯಾವಾಗ ತೆಗೆದದ್ದು ಎಂದು ನನಗೆ ಗೊತ್ತು, ನಾನು ಅಲ್ಲೇ ಇದ್ದೆ. ತೊಂಬತ್ತಾರರಲ್ಲಿ ನೀನು ಬಂದದ್ದು ನನ್ನ ಬಾಣಂತನಕ್ಕೆ. ಆಸ್ಪತ್ರೆ ಕ್ವಾರ್ಟರ್ಸಿನಲ್ಲಿ ಲೋಬಾನ ಹಾಕಿದೊಡನೆ ಹೊಗೆಯ ಗಂಟೆ ಬಡಿದುಕೊಂಡು, ಕ್ವಾರ್ಟರ್ಸಿನ ವಾರ್ಡನ್ ಬೆಂಕಿ ಆರಿಸುವ ಸಿಲಿಂಡರ್ ಹೊತ್ತುಕೊಂಡೇ ಓಡಿಬಂದದ್ದು, ನೀನು ಅವನಿಗೂ ಒಂದು ಅಂಟಿನುಂಡೆ ಕೊಟ್ಟು ಕಳಿಸಿದ್ದು ನೆನಪಿದೆಯೇ? ಅವನು ಮರುವಾರ ಮತ್ತೆ ಬಾಗಿಲು ಬಡಿದ, ಬೆಂಕಿಗಲ್ಲ, ಉಂಡೆಗೆ. ಗಾರ್ಗಿಗೆ ಹೆರಿಗೆಯಾದದ್ದು ಮಾರ್ಚಿನಲ್ಲಿ. "ನಿಮ್ಮ ತಾಯಿ ಕೈಗುಣ ತುಂಬಾ ಚೆನ್ನಾಗಿದೆಯಂತೆ ವೇದಾ, ಎರಡು ದಿನ ಕಳಿಸಿಕೊಡಿ" ಎಂದು ಮಿಸೆಸ್ ಮೂರ್ತಿ ಕೇಳಿದರು, ನೀನು ಹೋದೆ. ಎರಡು ದಿನ ಹನ್ನೆರಡು ದಿನವಾಯಿತು. ನಾಮಕರಣದ ದಿನ ಬಂದ ಬಿಳಿಯರಿಗೂ ನಮ್ಮವರಿಗೂ ನಿನ್ನನ್ನು ತೋರಿಸಿ "ಇವರು ನಮ್ಮ ಆಯಾ, ಇಂಡಿಯಾದಿಂದ ಕರೆಸಿಕೊಂಡಿದ್ದೀವಿ" ಎಂದರು. ಓಣಿಯಲ್ಲಿ ನಲವತ್ತು ಬಾಣಂತನ ಮಾಡಿ ಒಬ್ಬರ ಮನೆಯಲ್ಲೂ ಒಂದು ಲೋಟ ನೀರಿಗೆ ಕೈಚಾಚದ ಹೆಡ್‌ಮಾಸ್ತರರ ಹೆಂಡತಿ ನೀನು. ಫೋಟೋ ತೆಗೆಯುವಾಗ "ಆಯಾ, ಸ್ವಲ್ಪ ಆ ಕಡೆ ಸರೀರಿ, ಮಗು ಮಾತ್ರ ಹಿಡ್ಕೊಳ್ಳಿ" ಎಂದರು. ನೀನು ಸರಿದು ನಿಂತು ಕೈಯಷ್ಟೇ ಮುಂದೆ ಚಾಚಿದೆ. ಎಲ್ಲರ ಊಟವಾದ ಮೇಲೆ ನಿನಗೆ ಅಡುಗೆಮನೆಯಲ್ಲಿ ತಟ್ಟೆ ಹಾಕಿದರು. ಮರುದಿನ ನೀನು ಹೊರಟಾಗ ಉಟ್ಟು ಬಿಟ್ಟ ಸೀರೆಯೊಂದನ್ನು ಕೈಗಿಟ್ಟು ಬಾಗಿಲು ಹಾಕಿಕೊಂಡರು. ಉಡಿ ತುಂಬುವುದು ಹೋಗಲಿ, ಹೊಸ್ತಿಲು ದಾಟುವ ಮುತ್ತೈದೆಗೆ ಹಣೆಗೆ ಕುಂಕುಮ ಕೂಡ ಹಚ್ಚಲಿಲ್ಲ. ನೀನು ದಾರಿಯುದ್ದಕ್ಕೂ ಮಾತಾಡಿದ್ದು ಒಂದೇ ಮಾತು, "ಕೂಸಿನ ಮೈ ಚಂದ ತುಂಬೇತಿ."

ಅವತ್ತು ನುಂಗಿದ್ದೆಲ್ಲ ಈ ಬಣ್ಣದ ಕಾಗದ ನೋಡಿದಾಗ ಮತ್ತೆ ಮೇಲೆ ಬಂತು. ಮೊದಲು ಹೋಗಿ ಜಗಳವಾಡೋಣವೆನಿಸಿತು. "ಆಗಿ ಹೋತು, ಬಿಟ್ಟುಬಿಡು ಇನ್ನ" ಎಂದರು ಇವರು. ಗಂಡಸರಿಗೆ ಬಿಡುವುದು ಸುಲಭ. ನಾನು ಬಿಡಲಿಲ್ಲ. ಜಗಳವಾಡಿದರೆ ಆಕೆಗೆ ಒಂದು ದಿನದ ತಲೆನೋವು, ಅಷ್ಟೇ. ಆಕೆ ಕಟ್ಟಲು ಹೊರಟ ಸೇವೆಯನ್ನೇ ನಾನು ಆಕೆಗಿಂತ ಚೆನ್ನಾಗಿ ಕಟ್ಟಬೇಕು, ಆಕೆಯದು ಆಕೆಯ ಕಣ್ಣೆದುರೇ ಮುರಿದು ಬೀಳಬೇಕು ಎಂದು ನಿಶ್ಚಯ ಮಾಡಿದೆ. ಅದೇ ವಾರ ಇಲ್ಲಿಯ ಕೌನ್ಸಿಲ್‌ನವರು ಬುಧವಾರ ಸಂಜೆ ನಡೆಸುವ ಕ್ಲಾಸಿಗೆ ಹೆಸರು ಹಚ್ಚಿದೆ. ಸಣ್ಣ ಉದ್ಯೋಗ ಮಾಡುವವರು ತಮ್ಮ ಹೊಸ ಸೇವೆಯನ್ನು ಜನಕ್ಕೆ ಹೇಗೆ ಮುಟ್ಟಿಸಬೇಕು ಎಂದು ಕಲಿಸುವ ಕ್ಲಾಸು.

ಕಲಿಸುವಾಕೆ ಅರವತ್ತು ದಾಟಿದ ಇಂಗ್ಲಿಷ್ ಹೆಂಗಸು, ನಿನ್ನ ಹಾಗೇ ಕನ್ನಡಕ ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಪೈಕಿ. ಜಾಹೀರಾತು, ಬಣ್ಣದ ಕಾಗದ ಎಲ್ಲ ಆಮೇಲೆ, ಮೊದಲು ನೀವು ನಿಂತ ನೆಲ ಎಂಥದ್ದು ನೋಡಿಕೊಳ್ಳಿ ಎಂದಳು. ಅದಕ್ಕೆ ಸಿಚುಯೇಶನ್ ಅನಾಲಿಸಿಸ್ ಎನ್ನುತ್ತಾರೆ, ಪರಿಸ್ಥಿತಿಯನ್ನು ಬಿಡಿಸಿ ನೋಡುವುದು. ಒಂದು ಹಾಳೆಯಲ್ಲಿ ನಾಲ್ಕು ಮನೆ ಗೀಚಬೇಕು: ನಮ್ಮ ಬಲ, ನಮ್ಮ ಕೊರತೆ, ಹೊರಗಿರುವ ಅವಕಾಶ, ಹೊರಗಿರುವ ಅಪಾಯ. ಗಿರಾಕಿ ಯಾರು, ಅವರಿಗೆ ನಿಜಕ್ಕೂ ಏನು ಬೇಕು, ಅದನ್ನು ಈಗಾಗಲೇ ಯಾರು ಕೊಡುತ್ತಿದ್ದಾರೆ ಎಂದು ಹುಡುಕಿ ತುಂಬಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಆಕೆ ಹೇಳಿದ್ದು, ಜನರನ್ನು ಪ್ರಶ್ನೆ ಕೇಳುವಾಗ ಎಚ್ಚರ ಎಂದು. ಪರಿಚಯದವರನ್ನು ಕೇಳಬೇಡಿ, ಹೆಸರು ಬರೆಸಬೇಡಿ, ಎದುರಿಗೆ ನಿಲ್ಲಬೇಡಿ, ನೀವು ಮಾಡಲಿರುವುದನ್ನು ಹೊಗಳಿ ಕೇಳಬೇಡಿ, ಕೊಳ್ಳುತ್ತೀರಾ ಎಂದು ಕೇಳಬೇಡಿ, ಹೋದ ಸಲ ಏನು ಮಾಡಿದಿರಿ ಎಂದು ಕೇಳಿ. ಇಲ್ಲದಿದ್ದರೆ ಜನ ನಿಮ್ಮ ಮನಸ್ಸು ನೋಯಿಸಬಾರದೆಂದು ಸುಳ್ಳು ಹೇಳುತ್ತಾರೆ ಎಂದಳು. ಕ್ಲಾಸಿನಲ್ಲಿ ಎಲ್ಲರೂ ಬರೆದುಕೊಳ್ಳುತ್ತಿದ್ದರು. ನನ್ನ ತಲೆಯಲ್ಲಿ ನಮ್ಮವರ ಮುಖಗಳು ಒಂದೊಂದಾಗಿ ಹಾದುಹೋದವು. ಊಟಕ್ಕೆ ಬರುತ್ತೀರಾ ಎಂದರೆ ಖಂಡಿತ ಎನ್ನುವವರು, ಬಾರದೆ ಇರುವವರು. ದಾಕ್ಷಿಣ್ಯಕ್ಕೆ ಸತ್ತುಹೋಗುವ ಜನ ನಾವು.

ಇನ್ನು ಕೇಳು ನಿನ್ನ ಮಗಳ ಕರಾಮತ್ತು. ನಾನು ಕ್ಲಾಸಿಗೆ ಹೋಗುವ ಸುದ್ದಿ ಮಿಸೆಸ್ ಮೂರ್ತಿಯ ಕಿವಿಗೆ ಬಿತ್ತು. ಅವರ ಮಗ ಬ್ಯಾಂಕಿನಲ್ಲಿರುವವನು, ಶುರುಮಾಡುವ ಮೊದಲು ಜನರ ಅಭಿಪ್ರಾಯ ಕೇಳಬೇಕೆಂದು ಹೇಳಿದ್ದನಂತೆ. "ವೇದಾ, ನೀವು ಕಲಿತಿದ್ದೀರಲ್ಲ, ನಮಗೊಂದು ಫಾರಂ ಮಾಡಿಕೊಡಿ, ನೀವು ನಮ್ಮನೆಯವರೇ ಅಲ್ವಾ" ಎಂದು ಫೋನು ಮಾಡಿದರು. ನಮ್ಮನೆಯವರೇ! ನಾನು "ಆಯ್ತ್ರಿ, ಅದಕ್ಕೇನಂತ" ಎಂದೆ. ಆ ರಾತ್ರಿ ಎಷ್ಟೋ ದಿನಗಳ ಮೇಲೆ ಸುಖವಾಗಿ ನಿದ್ದೆ ಮಾಡಿದೆ. ಟೀಚರು ಬೇಡ ಎಂದದ್ದನ್ನೆಲ್ಲ ಒಂದೂ ಬಿಡದೆ ಮಾಡಿದೆ ಅವ್ವಾ. ಮೇಲೆ ಹೆಸರು, ವಿಳಾಸ, ಗಂಡನ ಆಸ್ಪತ್ರೆಯ ಹೆಸರು. ಕೆಳಗೆ "ಮಿಸೆಸ್ ಮೂರ್ತಿಯವರ ಈ ಅಮೂಲ್ಯ ಸೇವೆ ನಮ್ಮ ಸಮಾಜಕ್ಕೆ ಅಗತ್ಯವೆಂದು ನಿಮಗೆ ಅನಿಸುತ್ತದೆಯೇ? ಸಂದರ್ಭ ಬಂದರೆ ಬಳಸಿಕೊಳ್ಳುವಿರಾ?" ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಯುಗಾದಿಯ ಕೂಟದಲ್ಲಿ ಊಟದ ಸಾಲು ನಿಂತಾಗ ಹಂಚಿಸಿದೆ. ಸಾಲಿನ ತುದಿಯಲ್ಲಿ ಹೋಳಿಗೆ ಬಡಿಸುತ್ತ ನಿಂತಿದ್ದವರು ಸ್ವತಃ ಮಿಸೆಸ್ ಮೂರ್ತಿ. ಕೂಟದ ಅರ್ಧ ಗಂಡಸರಿಗೆ ಡಾಕ್ಟರ್ ಮೂರ್ತಿಯವರ ಶಿಫಾರಸು ಬೇಕು. ನಾನು ಪೆನ್ನು ಹಿಡಿದು ಸಾಲುಸಾಲಿಗೆ ಹೋಗಿ, "ಪಾಪ, ಅವರ ಮನಸ್ಸು ಯಾಕ ನೋಯಿಸ್ತೀರಿ, ಹೌದಂತ ಬರೀರಲಾ" ಎಂದು ಮೆಲ್ಲಗೆ ಹೇಳಿದೆ. ಅರವತ್ತು ಫಾರಂ. ಐವತ್ತೆಂಟು ಹೌದು. ಉಳಿದ ಎರಡನ್ನು ಮಕ್ಕಳು ವಿಮಾನ ಮಾಡಿ ಹಾರಿಸಿದ್ದರು. ಆ ಹೌದುಗಳಲ್ಲಿ ಒಂದು ನಿನ್ನ ಮಗಳದು, "ಅತ್ಯಗತ್ಯ" ಎಂದು ಬೇರೆ ಸೇರಿಸಿದ್ದೆ.

ಅದೇ ದಿನಗಳಲ್ಲಿ ನಾನು ನಿಜವಾದ ಪ್ರಶ್ನೆ ಕೇಳುತ್ತ ತಿರುಗುತ್ತಿದ್ದೆ. ಫಾರಂ ಇಲ್ಲ, ಕೂಟವಿಲ್ಲ. ಒಬ್ಬೊಬ್ಬರ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸಿಕೊಡುತ್ತ, ನಿಮ್ಮ ಹೆರಿಗೆಯಲ್ಲಿ ಏನಾಯಿತು, ಯಾರು ಬಂದರು, ಯಾವಾಗ ಅಳು ಬಂತು ಎಂದು ಕೇಳಿದೆ. ಹದಿನೇಳು ಮನೆ. ಹದಿನೇಳರಲ್ಲೂ ತಾಯಿಯೋ ಅತ್ತೆಯೋ ಊರಿನಿಂದ ಬಂದಿದ್ದರು. ಬಾಣಂತಿಯ ಕೋಣೆಗೆ ಪರರ ಮನೆಯ ಹೆಂಗಸನ್ನು ಬಿಟ್ಟುಕೊಳ್ಳಲು ಒಬ್ಬರೂ ತಯಾರಿಲ್ಲ, ಕೂಸಿಗೆ ದೃಷ್ಟಿಯಾದೀತೆಂಬ ಭಯ ಒಂದು ಕಡೆ, ನಮ್ಮ ಅಮ್ಮ ಸತ್ತಿದ್ದಾಳೇನು ಎಂಬ ಮಾತು ಇನ್ನೊಂದು ಕಡೆ. ಮಿಸೆಸ್ ಮೂರ್ತಿ ಗಿರಾಕಿಯೇ ಇಲ್ಲದ ಅಂಗಡಿ ತೆರೆಯಲಿದ್ದರು. ಆದರೆ ಸ್ಟ್ರಾಟ್‌ಫರ್ಡಿನಲ್ಲಿ ವೈಲೆಟ್ ಎಂಬ ನರ್ಸು ಸಿಕ್ಕಳು, ಉಡುಪಿ ಕಡೆಯ ಕ್ರಿಶ್ಚಿಯನ್ ಹೆಣ್ಣುಮಗಳು. ಅವಳು ಹೇಳಿದಳು, "ಅಮ್ಮ ಬಂದು ಮೂರು ತಿಂಗಳು ಕಿಟಕಿ ಹತ್ರವೇ ಕೂತಿದ್ರು ಮಾರಾಯ್ರೆ. ಮಾತಾಡ್ಲಿಕ್ಕೆ ಜನ ಇಲ್ಲ, ಹೊರಗೆ ಹೋಗ್ಲಿಕ್ಕೆ ಹೆದರಿಕೆ. ಬಾಣಂತಿ ನಾನೋ ಅವ್ರೋ ಗೊತ್ತಾಗ್ತಿರ್ಲಿಲ್ಲ." ಆಮೇಲೆ ಎಲ್ಲ ಮನೆಯಲ್ಲೂ ಅದೇ ಕಥೆ ಕೇಳಿದೆ. ಬಚ್ಚಲಿನ ನಳ ಬಿಟ್ಟುಕೊಂಡು ಅಳುವ ತಾಯಂದಿರು. ಮನೆಗೆ ಬರುವ ಸರಕಾರಿ ನರ್ಸಮ್ಮ ಎಣ್ಣೆ ಹಚ್ಚಬೇಡಿ, ಹೊಗೆ ಹಾಕಬೇಡಿ ಎಂದಾಗ ತಿರುಗಿ ಹೇಳಲು ಇಂಗ್ಲಿಷ್ ಬಾರದೆ ಮುಖ ತಗ್ಗಿಸಿದವರು. ಗಿರಾಕಿ ಬಾಣಂತಿಯಲ್ಲ, ಬಾಣಂತನಕ್ಕೆ ಬಂದ ತಾಯಿ. ನನ್ನ ಹಾಳೆಯ ನಾಲ್ಕು ಮನೆಯೂ ಅವತ್ತು ಒಮ್ಮೆಗೇ ತುಂಬಿಕೊಂಡವು.

ಅದೇ ನನ್ನ ಉದ್ಯೋಗ ಅವ್ವಾ. "ಅವ್ವನ ಜೋಡಿ" ಎಂದು ಹೆಸರಿಟ್ಟಿದ್ದೇನೆ. ಊರಿನಿಂದ ತಾಯಿ ಬಂದ ಮನೆಗೆ ವಾರಕ್ಕೆರಡು ಸಲ ಹೋಗುತ್ತೇನೆ. ಅಂಟು, ಅಳವಿ, ಓಮ ಎಲ್ಲ ಸಿಗುವ ಅಂಗಡಿಗೆ ಆ ತಾಯಿಯನ್ನೇ ಕರೆದುಕೊಂಡು ಹೋಗುತ್ತೇನೆ, ಬಸ್ಸು ಹತ್ತುವುದನ್ನು ಕಲಿಸುತ್ತೇನೆ, ನರ್ಸಮ್ಮ ಬರುವ ದಿನ ಪಕ್ಕದಲ್ಲಿ ಕುಳಿತು ಅವರ ಮಾತು ಇವರಿಗೆ, ಇವರದು ಅವರಿಗೆ ತಿಳಿಸುತ್ತೇನೆ. ವೈಲೆಟಳ ಎರಡನೆಯ ಹೆರಿಗೆಯೇ ನನ್ನ ಮೊದಲ ಕೆಲಸ. ಬಾಯಿಂದ ಬಾಯಿಗೆ ಹೋಗಿ ಈಗ ಎಂಟು ಮನೆ. ಅತ್ತ ಮಿಸೆಸ್ ಮೂರ್ತಿ ಐವತ್ತೆಂಟು ಹೌದು ನಂಬಿ ಸಟನ್ನಿನಲ್ಲಿ ಅಂಗಡಿಯೊಂದರ ಮೇಲೆ ಕೋಣೆ ಹಿಡಿದರು, ಇಬ್ಬರು ಹೆಂಗಸರನ್ನು ಗೊತ್ತುಮಾಡಿದರು, ಜೂನಿನಲ್ಲಿ ರಿಬ್ಬನ್ ಕತ್ತರಿಸಿದರು. ನಾನೂ ಹೋಗಿ ಚಪ್ಪಾಳೆ ತಟ್ಟಿ ಬಂದೆ. ಜುಲೈ ಹೋಯಿತು, ದಸರಾ ಹೋಯಿತು, ಒಬ್ಬರೂ ಕರೆಯಲಿಲ್ಲ. ಎದುರು ಸಿಕ್ಕವರೆಲ್ಲ "ಮುಂದಿನ ಸಲ ಖಂಡಿತ ಮೇಡಂ" ಎನ್ನುತ್ತಿದ್ದರು. ಹೋದ ತಿಂಗಳು ಕೋಣೆಗೆ ಬೀಗ ಬಿತ್ತು. ಸುದ್ದಿ ಕೇಳಿದ ದಿನ ನಾನು ಹೆಸರುಬೇಳೆ ಪಾಯಸ ಮಾಡಿದೆ. ಏನು ವಿಶೇಷ ಎಂದು ಇವರು ಕೇಳಿದರು, ಸುಮ್ಮನೆ ಎಂದೆ.

ಮೊನ್ನೆ ರವಿವಾರ ದೀಪಾವಳಿಯ ಅರಿಸಿನ ಕುಂಕುಮಕ್ಕೆ ಹನ್ನೊಂದು ಮಂದಿಯನ್ನು ಕರೆದಿದ್ದೆ. ಮಿಸೆಸ್ ಮೂರ್ತಿಯನ್ನೂ ಕರೆದೆ, ಮೊದಲು ಅವರನ್ನೇ. ತಲೆ ಸಾಕಷ್ಟು ಹಣ್ಣಾಗಿದೆ. "ಎಲ್ಲರೂ ಹೌದು ಅಂದ್ರಲ್ಲ ವೇದಾ, ಎಲ್ಲಿ ತಪ್ಪಾಯ್ತೋ ಗೊತ್ತೇ ಆಗಲಿಲ್ಲ" ಎಂದು ನನ್ನ ಅಡುಗೆಮನೆಯಲ್ಲಿ ನಿಂತು ಹೇಳಿದರು. ನಾನು ಸಾರಿಗೆ ಒಗ್ಗರಣೆ ಹಾಕಿದೆ. ಊಟವಾಯಿತು. ಒಬ್ಬೊಬ್ಬರಿಗೂ ಉಡಿ ತುಂಬಿ, ಕುಂಕುಮ ಹಚ್ಚಿ ಕಳಿಸಿದೆ. ಮಿಸೆಸ್ ಮೂರ್ತಿಯನ್ನು ಕೊನೆಗೆ ಉಳಿಸಿಕೊಂಡಿದ್ದೆ, ಆದರೆ ಇನ್ನೂ ನಾಲ್ಕು ಮಂದಿ ಚಪ್ಪಲಿ ಹಾಕಿಕೊಳ್ಳುತ್ತ ಬಾಗಿಲಲ್ಲೇ ಇದ್ದರು. ಕುಂಕುಮದ ತಟ್ಟೆಯನ್ನು ಕಪಾಟಿನ ಮೇಲಿಟ್ಟು ಬಾಗಿಲು ತೆರೆದು "ಚಳಿ ಭಾಳ ಐತ್ರಿ, ಹುಷಾರಾಗಿ ಹೋಗ್ರಿ" ಎಂದೆ. ಅವರು ಸೆರಗು ಹೊದ್ದು ನಿಂತೇ ಇದ್ದರು. ಆಮೇಲೆ ಮೆಲ್ಲಗೆ, "ವೇದಾ, ಕುಂಕುಮ..." ಎಂದರು. "ನಾವು ಆಯಾ ಮಂದಿ ಅಲ್ಲೇನ್ರಿ, ನಮಗೆಲ್ಲಿ ಈ ಪದ್ಧತಿ ಗೊತ್ತಿರಬೇಕು" ಎಂದೆ. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಅರ್ಥವಾಯಿತು ಅವ್ವಾ, ಚೆನ್ನಾಗಿ ಅರ್ಥವಾಯಿತು. ಮೆಟ್ಟಿಲಿಳಿದು ಹೋದರು. ಕೆಳಗಿನ ಬಾಗಿಲು ಮುಚ್ಚಿದ ಸದ್ದು ಕೇಳುವವರೆಗೆ ನಾನು ಅಲ್ಲಿಯೇ ನಿಂತಿದ್ದೆ, ಹೊಟ್ಟೆ ತಣ್ಣಗಾಯಿತು.

ನೀನು ಬೈಯುತ್ತೀ, ಹೊಸ್ತಿಲಿಗೆ ಬಂದ ಮುತ್ತೈದೆಗೆ ಹಾಗೆ ಮಾಡಬಾರದಿತ್ತು ಎನ್ನುತ್ತೀ. ಬೈಸಿಕೊಳ್ಳಲು ತಯಾರಿದ್ದೇನೆ, ಆದರೆ ಪಶ್ಚಾತ್ತಾಪ ಮಾತ್ರ ಇಲ್ಲ. ಇವರು ಎರಡು ದಿನದಿಂದ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ, ನಾಳೆ ಹಸಿವಾದಾಗ ಸರಿಹೋಗುತ್ತಾರೆ. ಅಪ್ಪನಿಗೆ ನನ್ನ ಶರಣು ಹೇಳು. ಓಣಿಯವರನ್ನೆಲ್ಲ ಕೇಳಿದೆನೆಂದು ಹೇಳು. ಬೆಳಿಗ್ಗೆ ಸ್ವೆಟರ್ ಹಾಕದೆ ಹಿತ್ತಲಿಗೆ ಹೋಗಬೇಡ. ನಿನ್ನ ಮೊಣಕಾಲಿಗೆ ಮುಲಾಮು ಕಳಿಸುತ್ತಿದ್ದೇನೆ, ಬೇರೆಯವರಿಗೆ ಹಂಚದೆ ನೀನೇ ಹಚ್ಚಿಕೋ. ಋಷಿಯ ಮುದ್ದು ಈ ಕಾಗದದ ಜೊತೆ ಬರುತ್ತಿದೆ, ಅವನೇ ಮೇಲೆ ಗೀಚಿದ ಗೀಟು ಅದು.

ನಿನ್ನ ಮಗಳು
ವೇದಾ

ಮರೆತೆ: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ, ಟಪಾಲು ಹೋಗಲು ಹತ್ತು ನಿಮಿಷವಿದೆ. ಜೊತೆಯಲ್ಲಿರುವ ಕಾಗದ ವೀಸಾಕ್ಕೆ ಬೇಕಾದ್ದು. ಮಾರ್ಚಿಗೆ ಬಾ. ಕೆಲಸಕ್ಕಲ್ಲ, ಈ ತಾಯಂದಿರ ನಡುವೆ ಹಿರಿಯಳಾಗಿ ಕುಳಿತುಕೊಳ್ಳಲು. ನನ್ನ ಸೇವೆಯ ಬಣ್ಣದ ಕಾಗದದಲ್ಲಿ ನಿನ್ನ ಫೋಟೋ ಹಾಕಿಸಬೇಕೆಂದಿದ್ದೇನೆ, ಮುಖ ಸಹಿತ. ಆದರೆ ಕ್ಲಾಸಿನಲ್ಲಿ ಕೊರತೆಯ ಮನೆಯಲ್ಲಿ ಒಂದನ್ನು ಬರೆಯಲು ನನ್ನ ಕೈ ಬರಲಿಲ್ಲ, ಇಲ್ಲಿ ಬರೆಯುತ್ತೇನೆ. ನೀನು ಗಾರ್ಗಿಯ ಬಾಣಂತನಕ್ಕೆ ಹೋದಾಗ ಇವರ ನೌಕರಿ ಮುಂದುವರಿಸುವ ಕಾಗದ ಡಾಕ್ಟರ್ ಮೂರ್ತಿಯವರ ಮೇಜಿನ ಮೇಲಿತ್ತು. ನೀನು ಎರಡನೆಯ ದಿನ ಫೋನು ಮಾಡಿ "ಕರಕೊಂಡು ಹೋಗವಾ" ಎಂದೆ. ನಾನು "ಇನ್ನೊಂದಿಷ್ಟು ದಿವಸ ತಡಕೋ ಅವ್ವಾ, ಸಹಿ ಆಗಲಿ" ಎಂದೆ. ನೀನು ಮತ್ತೆ ಕೇಳಲಿಲ್ಲ. ನಾಮಕರಣದ ದಿನ ಅವರು ಆಯಾ ಎಂದಾಗ ನೀನು ನೋಡಿದ್ದು ಅವರನ್ನಲ್ಲ, ನನ್ನನ್ನು. ನಾನು ತಲೆ ಬಗ್ಗಿಸಿ ಹೋಳಿಗೆ ತಿಂದೆ. ಮರುವಾರ ಸಹಿ ಆಯಿತು. ಬರುವುದಕ್ಕೆ ಮನಸ್ಸಿಲ್ಲದಿದ್ದರೆ ಒಲ್ಲೆ ಎಂದೇ ಬರಿ, ನನ್ನ ಮನಸ್ಸು ನೋಡಬೇಡ. ಮಿಸೆಸ್ ಮೂರ್ತಿಯ ಪಾಲಿನ ಶಿಕ್ಷೆ ನಾನು ಕೊಟ್ಟಾಯಿತು, ನನ್ನ ಪಾಲಿನದು ನೀನು ಇನ್ನೂ ಕೊಟ್ಟಿಲ್ಲ.